ಬಿಸಿಲಿಗೆ ಸೋರುವ ಗಾಡಿ

ಕರಬಸಪ್ಪನ ಮೂಗಿನ ತುದಿಗೆ ಒಂದು ಹನಿ ನೀರು ಬಿತ್ತು. ಅವನು ಕಣ್ಣು ಬಿಟ್ಟು, ಬಾಯಿ ತೆರೆದು, ಎಲ್ಲಿಂದ ಬಂತೆಂದು ಮೇಲೆ ನೋಡಿದ. ಎರಡನೆಯ ಹನಿ ನೇರವಾಗಿ ಬಾಯಿಗೇ ಬಿತ್ತು.

ಮಳೆಗಾಲವಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಅದು ಮೂವತ್ತೊಂಬತ್ತನೆಯ ಇಸವಿಯ ಏಪ್ರಿಲ್ ತಿಂಗಳು. ಹತ್ತಿಮತ್ತೂರಿನ ಆಕಾಶ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಂಡೆಯ ಹಾಗೆ ಹೊಳೆಯುತ್ತಿತ್ತು. ಬೆಳಗಿನ ಏಳು ಗಂಟೆಗೇ ಕಾಗೆಗಳು ಕೊಕ್ಕು ತೆರೆದು ಕೂತಿದ್ದವು. ಅಂಥದರಲ್ಲಿ ಕರಬಸಪ್ಪನ ಗಾಡಿ ಸೋರುತ್ತಿತ್ತು.

ಅದು ಸಾದಾ ಚಕ್ಕಡಿಯಲ್ಲ. ಹಳೆಯ ಮೋಟಾರು ಬಸ್ಸೊಂದರ ಇಂಜಿನ್ನು ಕಿತ್ತು, ಮುಂದೆ ನೊಗ ಕಟ್ಟಿ, ಒಳಗೆ ಒಂದು ಮಂಚ, ಒಂದು ಕಪಾಟು, ಒಂದು ಸ್ಟೋವು ಇಟ್ಟು, ಹಳ್ಳಿ ಸುಧಾರಣೆಯ ಕಚೇರಿಯವರು ಮಾಡಿಸಿದ ಗಾಲಿಯ ಮೇಲಿನ ಮನೆ. ಎರಡು ಜೋಡಿ ಎತ್ತು ಎಳೆಯಬೇಕು. ಸವಣೂರು, ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರು ಅಂತ ಸುತ್ತುತ್ತ, ಊರ ಹೊರಗೆ ಗಾಡಿ ನಿಲ್ಲಿಸಿ, ಅದರಲ್ಲೇ ಉಂಡು, ಅದರಲ್ಲೇ ಮಲಗಿ, ಸಂಜೆಗೆ ಜನರನ್ನು ಕೂಡಿಸಿ ‘ತಿಪ್ಪೆಯನ್ನು ಗುಂಡಿಯಲ್ಲಿ ಹಾಕಿರಿ, ನೀರನ್ನು ಸೋಸಿ ಕುಡಿಯಿರಿ’ ಎಂದು ಭಾಷಣ ಮಾಡುವುದು ಕರಬಸಪ್ಪನ ನೌಕರಿ. ಜನ ಅವನನ್ನು ಗಾಡಿ ಮಾಸ್ತರ ಎಂದು ಕರೆಯುತ್ತಿದ್ದರು.

ಕಚೇರಿಯ ಉಳಿದ ಕಾರಕೂನರು ಈ ನೌಕರಿಯನ್ನು ವನವಾಸ ಅನ್ನುತ್ತಿದ್ದರು. ಕರಬಸಪ್ಪನಿಗೆ ಅದು ಕೈಲಾಸ. ಯಾಕೆಂದರೆ ಅಕ್ಕಿಆಲೂರಿನ ಅವನ ಮನೆಯಲ್ಲಿ ಅವನ ಅವ್ವ ಹಾಲವ್ವ ಇದ್ದಳು. ಎಂಟು ದಿನಕ್ಕೆಂದು ಬಂದು ಮೂರು ವರ್ಷವಾದರೂ ಹೋಗದ ಅತ್ತೆ ಶಿವಬಸವ್ವ ಇದ್ದಳು. ಇಬ್ಬರೂ ಒಬ್ಬರೊಡನೊಬ್ಬರು ಮಾತು ಬಿಟ್ಟಿದ್ದರು. ಆದರೆ ಹೇಳುವ ಮಾತು ಮಾತ್ರ ಬೆಟ್ಟದಷ್ಟಿತ್ತು. ಕರಬಸಪ್ಪ ನಡುಮನೆಯಲ್ಲಿ ಕೂತರೆ ಸಾಕು, ಅಡಿಗೆಮನೆಯಿಂದ, “ಎಪ್ಪಾ, ನಿಮ್ಮ ಅತ್ತೀಗೆ ಹೇಳು, ಸಾರಿನಾಗ ಉಪ್ಪು ಸುರುವ್ಯಾಳ” ಎಂದು ಬರುತ್ತಿತ್ತು. ಪಡಸಾಲೆಯಿಂದ, “ಅಳಿಯಂದ್ರ, ನಿಮ್ಮವ್ವಾರಿಗೆ ಹೇಳ್ರಿ, ನಾಲಿಗೀಗೆ ರುಚಿ ಇದ್ದವರು ಉಣ್ಣೋ ಸಾರದು” ಎಂದು ಹೋಗುತ್ತಿತ್ತು. ಅವನು ತಂತಿಕಂಬದ ಹಾಗೆ ನಡುವೆ ನಿಲ್ಲಬೇಕು. ಅವನಿಲ್ಲದಾಗ ಮನೆ ಮಠದಷ್ಟು ಶಾಂತವಾಗಿರುತ್ತದೆ ಎಂದು ಹೆಂಡತಿ ಸರೋಜವ್ವನೇ ಹೇಳಿದ್ದಳು. ಗಂಡ ಊರು ಸುತ್ತಲಿ ಎಂದು ಅವಳು ಸೋಮವಾರ ಬೇರೆ ಹಿಡಿದಿದ್ದಳು.

ಹಾಗಾಗಿ ಗಾಡಿ ಇದ್ದರೆ ಕರಬಸಪ್ಪನಿಗೆ ಬದುಕು. ಗಾಡಿ ಹೋದರೆ ಅಕ್ಕಿಆಲೂರಿನ ಕಚೇರಿ. ಅಲ್ಲಿ ಒಂದು ಕುರ್ಚಿ ಖಾಲಿ ಬಿದ್ದಿತ್ತು. ಅವನ ಮನೆಯಿಂದ ಆ ಕಚೇರಿ ಐದನೆಯ ಬಾಗಿಲು.

ಈ ಸೋರಿಕೆಯ ವಿಚಿತ್ರವೆಂದರೆ ಅದು ಮಳೆಗೆ ಸೋರುತ್ತಿರಲಿಲ್ಲ. ಹೋದ ಆಷಾಢದಲ್ಲಿ ಹಾನಗಲ್ಲಿನಲ್ಲಿ ಮೂರು ದಿನ ಹಿಡಿದ ಜಡಿಮಳೆಗೂ ಒಳಗೆ ಒಂದು ಹನಿ ಬಿದ್ದಿರಲಿಲ್ಲ. ಬಿಸಿಲು ಏರಿತೋ, ಟಪ್ ಟಪ್. ಅದೂ ಎಲ್ಲ ಊರಲ್ಲಲ್ಲ. ಸವಣೂರು ಬಿಟ್ಟ ಮೇಲೆ ಜೋರು, ಶಿಗ್ಗಾಂವಿಯಲ್ಲಿ ಸಾಧಾರಣ, ಹಾನಗಲ್ಲಿನಲ್ಲಿ ಆಗೊಂದು ಈಗೊಂದು, ಹಿರೇಕೆರೂರು ಮುಟ್ಟುವ ಹೊತ್ತಿಗೆ ಒಣ ಒಣ. ಕರಬಸಪ್ಪ ಇದನ್ನೆಲ್ಲ ಬರೆದು, ‘ಸವಣೂರ ಸೀಮೆಯ ಗಾಳಿಯಲ್ಲಿಯೇ ನೀರಿನಂಶ ಹೆಚ್ಚಿರುವಂತೆ ಕಾಣುತ್ತದೆ. ಕಡು ಬೇಸಿಗೆಯಲ್ಲಿಯೂ ಮಲಗಿದವರ ಹಣೆಯ ಮೇಲೆ ತಣ್ಣನೆಯ ಹನಿಗಳು ತಾವಾಗಿಯೇ ಬೀಳುತ್ತವೆ’ ಎಂದು ದುರಸ್ತಿಗಾಗಿ ಸಾಹೇಬರಿಗೆ ವರದಿ ಕಳಿಸಿದ್ದ. ಆಗಲೇ ಮೂರು ವಾರವಾಗಿತ್ತು.

ಅದರ ಉತ್ತರ, ಬಾಯಿಗೆ ಹನಿ ಬಿದ್ದ ಅದೇ ಬೆಳಿಗ್ಗೆ ಎಂಟು ಗಂಟೆಗೆ, ಕಚೇರಿಯ ಜವಾನನ ಕೈಯಲ್ಲಿ ಬಂತು. ಕರಬಸಪ್ಪ ಒಡೆಯುವ ಮೊದಲೇ ಶಿದ್ಲಿಂಗಪ್ಪ ಬಂದು ನಿಂತಿದ್ದ. ಊರಿಗೆ ಬರುವ ಸರ್ಕಾರಿ ಕಾಗದಗಳ ಅರ್ಥ ಹೇಳುವ ಹಕ್ಕು ಆ ಹಿರಿಯನದು. ಯಾರೂ ಕೊಟ್ಟದ್ದಲ್ಲ, ತಾನೇ ತೆಗೆದುಕೊಂಡದ್ದು.

“ತರ್ರಿ ಇಲ್ಲೆ,” ಎಂದು ಕಸಿದುಕೊಂಡು ದೊಡ್ಡ ದನಿಯಲ್ಲಿ ಓದಿದ: “‘ಗಾಡಿಯಲ್ಲಿ ನೀರು ಬೀಳುವ ವಿಷಯವನ್ನು ಖುದ್ದಾಗಿ ನೋಡುವವರಿದ್ದೇವೆ. ಇಂದು ಮಧ್ಯಾಹ್ನ ಮೂರು ಗಂಟೆಗೆ ಬಂದು ಗಾಡಿಯಲ್ಲಿಯೇ ಮಲಗುತ್ತೇವೆ. ಹಾಸಿಗೆ ಹನಿ ಬೀಳುವ ಜಾಗದಲ್ಲಿಯೇ ಇರಲಿ.’ ಮುಗೀತು ತಗೋರಿ.”

“ಏನು ಮುಗೀತ್ರಿ?” ಕರಬಸಪ್ಪನ ದನಿ ಇಳಿಯಿತು.

“ನಿಮ್ಮ ನೌಕರಿ. ಖುದ್ದಾಗಿ ಅಂದ್ರೇನು ತಿಳದೀರಿ? ರಟ್ಟೀಹಳ್ಳಿ ಕಡೆ ಒಬ್ಬ ಓವರಸೀರ ಇದ್ದ. ಅವ ಕಟ್ಟಿದ ಮೋರಿ ನೋಡಾಕ ಸಾಹೇಬ್ರು ಖುದ್ದಾಗಿ ಬಂದ್ರು. ಈಗ ಅವ ಎಮ್ಮಿ ಕಾಯಾಕತ್ತಾನ. ಹನಿ ಬೀಳೋ ಜಾಗದಾಗ ಹಾಸಿಗಿ ಹಾಕ್ಸಿ, ಹನಿ ಬಿತ್ತೋ ‘ಹರಾಜ’ ಅಂತ ಬರದು ಹೋಗ್ತಾರ.”

ಗಾಡಿ ಹರಾಜು ಅಂದರೆ ಐದನೆಯ ಬಾಗಿಲು. ಕರಬಸಪ್ಪನ ಕಿವಿಯಲ್ಲಿ ಆಗಲೇ ‘ನಿಮ್ಮ ಅತ್ತೀಗೆ ಹೇಳು, ನಿಮ್ಮವ್ವಾರಿಗೆ ಹೇಳ್ರಿ’ ಶುರುವಾಯಿತು. ಮೂರು ಗಂಟೆಯೊಳಗೆ ತೂತು ಹುಡುಕಲೇಬೇಕೆಂದು ಅವನು ತಗಡಿನ ಕೆಲಸದ ಬಂದೇಸಾಬನಿಗೆ ಹೇಳಿ ಕಳಿಸಿದ.

ಬಂದೇಸಾಬ ಬೆಸುಗೆಯ ಸಾಮಾನು ಹೊತ್ತು ಬಂದು ಗಾಡಿಯನ್ನು ಮೂರು ಸುತ್ತು ಹಾಕಿದ. ಮಾಳಿಗೆ ಎರಡು ಪದರಿನದು. ಮೇಲೆ ಝಿಂಕಿನ ತಗಡು, ಕೆಳಗೆ ಹಲಗೆ; ಕಾವು ಒಳಗಿಳಿಯಬಾರದೆಂದು ನಡುವೆ ಮೊಳದಷ್ಟು ಸಂದು. ಸಂದಿನ ಹಿಂದಿನ ಬಾಯಿಗೆ ಗೋಣಿತಟ್ಟು ಹೊಡೆದಿತ್ತು.

“ಹನಿ ಎಲ್ಲಿ ಬೀಳತೈತ್ರಿ?”

ಕರಬಸಪ್ಪ ಒಳಗೆ ಕರೆದುಕೊಂಡು ಹೋಗಿ ತೋರಿಸಿದ. ಹನಿ ಬಿದ್ದಲ್ಲೆಲ್ಲ ಸೀಮೆಸುಣ್ಣದಿಂದ ಗುಂಡಗೆ ಗೆರೆ ಎಳೆದು ತಾರೀಖು ಬರೆದಿದ್ದ. ಮೊನ್ನೆ ಬಾಗಿಲ ಹತ್ತಿರ, ನಿನ್ನೆ ಕಾಲ ದೆಸೆಗೆ, ಇವತ್ತು ತಲೆದಿಂಬಿನ ಮೇಲೆ. ನೆಲ ಹುಡುಗಿಯರು ಕುಂಟಾಟ ಆಡಿದ ಅಂಗಳದಂತಾಗಿತ್ತು.

ಬಂದೇಸಾಬ ಗಡ್ಡ ಕೆರೆದುಕೊಂಡ. “ಮಾಸ್ತರ್ರ, ತೂತು ಮುಚ್ಚೂದು ನನ್ನ ಕೆಲಸ. ತೂತು ತಿರಗ್ಯಾಡಾಕತ್ರ ಅದು ಪೊಲೀಸ್ರ ಕೆಲಸ.”

“ಹಂಗನಬ್ಯಾಡೋ ಮಾರಾಯಾ! ಮೂರಕ್ಕ ಸಾಹೇಬ್ರು ಬರ್ತಾರ.”

“ಹಂಗಾದ್ರ ಮ್ಯಾಲೆ ನೀರು ಸುರುವ್ರಿ. ಎಲ್ಲಿ ಇಳೀತೈತಿ ನೋಡೂನು.”

ಊರಿನ ಉತ್ಸಾಹಿಗಳೆಲ್ಲ ಕೊಡ ಹಿಡಿದರು. ಬೇರೆಯವರ ಗಾಡಿಯ ಮೇಲೆ ನೀರು ಸುರಿಯುವ ಅವಕಾಶ ದಿನಾ ಸಿಗುತ್ತದೆಯೆ? ಕೆರೆಯಿಂದ ಸಾಲು ಹಚ್ಚಿ ನಲವತ್ತು ಕೊಡ ಸುರಿದರು. ಗಾಡಿ ಹೊಂಡದಿಂದೆದ್ದ ಎಮ್ಮೆಯ ಹಾಗೆ ನಿಂತಿತು. ಒಳಗೆ ಕರಬಸಪ್ಪ ಅಂಗಾತ ಮಲಗಿ, ಬಾಯಿ ಮುಚ್ಚಿಕೊಂಡು, ಕಣ್ಣು ಪಿಳುಕಿಸದೆ ಹಲಗೆ ನೋಡಿದ. ಒಂದು ಹನಿಯಿಲ್ಲ.

ಆಗ ಹೊನ್ನವ್ವ ಬಂದಳು. ಎಪ್ಪತ್ತು ದಾಟಿದ ಮುದುಕಿ. ಬಾಯಲ್ಲಿ ಹಲ್ಲು ಕಡಿಮೆ, ಮಾತು ಹೆಚ್ಚು. ಕೆರೆಯ ದಾರಿಯುದ್ದಕ್ಕೂ ಕೆಸರಾದದ್ದು ಕಂಡು ಸೊಂಟಕ್ಕೆ ಕೈಯಿಟ್ಟಳು.

“ದನಕ್ಕ ಕುಡಿಯಾಕ ನೀರಿಲ್ಲ, ಇಲ್ಲಿ ಗಾಡಿಗೆ ಎಣ್ಣಿ ಹಚ್ಚಿ ಎರೆಯೂ ಹಬ್ಬ ನಡಸೀರೇನು? ನೀರು ಸೋಸಿ ಕುಡೀರಿ ಅಂತ ಹೇಳಾವ ನೀನಽ ಹೌದಲ್ಲೋ ತಮ್ಮಾ? ಈಗ ಏನ ಸೋಸೂಣು, ರಾಡಿ?”

“ಆಯಿ, ಸಿಟ್ಟಾಗಬ್ಯಾಡ. ಗಾಡಿ ಸೋರತೈತಿ.”

“ಸೋರಲಿ ಬಿಡು. ನಮ್ಮ ಮನಿ ನನ್ನ ಮದಿವ್ಯಾದಾಗಿಂದ ಸೋರತೈತಿ. ನಾ ಎಲ್ಲೆರ ಸಾಹೇಬ್ರನ್ನ ಕರಸೇನೇನು?” ಎಂದು ಗಾಡಿಯ ನೆರಳಿನಲ್ಲಿ ಕೂತಳು. ಬೈಯುವುದು ಮುಗಿದರೂ ನೋಡುವುದು ಬಾಕಿಯಿತ್ತು.

ಬಂದೇಸಾಬ ಮಾಳಿಗೆ ಹತ್ತಿ, ತೂತು ಇರಲಿ ಬಿಡಲಿ, ತಗಡಿನ ಪ್ರತಿಯೊಂದು ಮೊಳೆಯ ತಲೆಗೂ ಬೆಸುಗೆ ಹಾಕತೊಡಗಿದ. ಕೆಳಗೆ ಶಿದ್ಲಿಂಗಪ್ಪ ಬೇರೆಯೇ ಕಾರಣ ಹುಡುಕಿದ್ದ.

“ಇದರ ಮೂಲ ಯಾರಿಗೂ ಗೊತ್ತಿಲ್ಲ. ಈ ಬಸ್ಸು ಮೊದಲು ಓಡಾಕತ್ತಿದ್ದಾಗ ಒಂದು ಸಲ ವರದಾ ಹೊಳ್ಯಾಗ ಬಿದ್ದಿತ್ತು. ಎರಡು ದಿನ ನೀರಾಗಽ ಇತ್ತು. ಕುಡದ ನೀರು ಎಲ್ಲಿ ಹೋಗಬೇಕು? ಕಟಿಗ್ಯಾಗ ಕುಂತೈತಿ. ಬಿಸಲಿಗೆ ಈಗ ಬೆವರಾಕತ್ತೈತಿ. ಮಾರಿ ಉತ್ತರಕ್ಕ ತಿರುಗಸ್ರಿ, ನಿಲ್ಲತೈತಿ.”

ಗಾಡಿಯ ಎತ್ತು ಹೊಡೆಯುವ ಲಕ್ಕಪ್ಪ ಅಲ್ಲಿಯವರೆಗೂ ಬಾಯಿ ಬಿಟ್ಟಿರಲಿಲ್ಲ. ಎಲ್ಲರಿಗಿಂತ ಮೊದಲು ಅವನೇ, “ಖರೇ ಐತ್ರಿ, ಶಿದ್ಲಿಂಗಪ್ಪಾರು ಹೇಳಿದ್ದು ನೂರಕ್ಕ ನೂರು ಖರೇ,” ಎಂದು ಎದ್ದ.

ಎತ್ತು ಮೇಯಲು ಹೋಗಿದ್ದವು. ಹತ್ತು ಜನ ಹೆಗಲು ಕೊಟ್ಟು ಗಾಡಿ ತಿರುಗಿಸಿದರು. ಒಳಗೆ ಕಾವಲಿದ್ದ ಕರಬಸಪ್ಪ ಮಂಚದಿಂದ ಕಪಾಟಿಗೆ, ಕಪಾಟಿನಿಂದ ಸ್ಟೋವಿಗೆ ಹೋಗಿ, ತಿಪ್ಪೆಗುಂಡಿಯ ಚಿತ್ರಪಟವನ್ನು ಮೈಮೇಲೆ ಹೊದ್ದುಕೊಂಡು ಹೊರಗೆ ಬಂದ. ಮೇಲಿದ್ದ ಬಂದೇಸಾಬ ಅಲ್ಲಾಹನನ್ನೂ ಶಿದ್ಲಿಂಗಪ್ಪನ ವಂಶವನ್ನೂ ಒಂದೇ ಉಸಿರಿನಲ್ಲಿ ನೆನೆದ.

ಆದರೆ ಹನಿ ನಿಂತೇಬಿಟ್ಟ ಹಾಗಿತ್ತು! ಹನ್ನೆರಡಾಯಿತು, ಒಂದಾಯಿತು, ಇಲ್ಲ. ಶಿದ್ಲಿಂಗಪ್ಪ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, “ನಾ ಇಂಜನೇರ ಆಗಬೇಕಾಗಿತ್ತು. ನಮ್ಮಪ್ಪ ಓದಸಲಿಲ್ಲ,” ಎಂದು ಶುರು ಮಾಡಿದ. ಲಕ್ಕಪ್ಪ, “ಮ್ಯಾಲಿನ ಹಗ್ಗ ಸಡಲಾಗ್ಯಾವು, ಬಿಗದು ಬರ್ತೇನ್ರಿ,” ಎಂದು ಗಾಡಿಯ ಹಿಂದಿನ ಏಣಿ ಹತ್ತಿ ಇಳಿದ. ಐದು ನಿಮಿಷಕ್ಕೆ ಶಿದ್ಲಿಂಗಪ್ಪನ ಬೋಳು ನೆತ್ತಿಯ ಮೇಲೆ ಟಪ್ಪೆಂದಿತು.

ಶಿದ್ಲಿಂಗಪ್ಪ ಇಂಜನೇರಿಕೆ ಬಿಟ್ಟು ಹೊರಗೆ ಹಾರಿದ. ಕರಬಸಪ್ಪ ತಲೆಯ ಮೇಲೆ ಕೈ ಹೊತ್ತು ಕೂತ.

“ಏನು ಆ ಪರಿ ಅಳತಿ? ಸರಿ ಅತ್ತಾಗ,” ಎಂದು ಹೊನ್ನವ್ವ ಮೊಣಕಾಲು ಹಿಡಿದು ಗಾಡಿಯೊಳಗೆ ಹತ್ತಿದಳು. ಹನಿಯ ಕೆಳಗೆ ಅಂಗೈ ಒಡ್ಡಿ ನಿಂತಳು. ನಾಲ್ಕು ಹನಿ ಕೂಡಿದ ಮೇಲೆ ನಾಲಿಗೆಗೆ ಹಚ್ಚಿ ಕಣ್ಣು ಮುಚ್ಚಿದಳು. ಮುಖದ ಮೇಲೆ ಅರವತ್ತು ವರ್ಷದ ಅನುಭವ ಹಾದುಹೋಯಿತು.

“ಇದು ಮಳಿ ನೀರಲ್ಲ. ಕೆರಿ ನೀರೂ ಅಲ್ಲ.”

“ಮತ್ತ?”

“ಎಲಿ ನೀರು. ವೀಳ್ಯದೆಲಿ ತೊಳದ ನೀರು.” ಇನ್ನೊಮ್ಮೆ ನೆಕ್ಕಿದಳು. “ಸವಣೂರ ಎಲಿ. ಎಳೀದು. ಕೊಯ್ದು ಮೂರು ದಿನಾ ಆಗೇತಿ. ಒಂದೆರಡು ಕೊಳೀಲಿಕ್ಕೂ ಹತ್ಯಾವು.”

ಏಣಿಯ ಬುಡದಲ್ಲಿದ್ದ ಲಕ್ಕಪ್ಪ ಎತ್ತು ನೋಡಿ ಬರುವ ನೆಪದಲ್ಲಿ ಜಾರಹೊರಟವನು ಮಾಳಿಗೆಯಿಂದ ಇಳಿದು ಬಂದ ಬಂದೇಸಾಬನ ಕೈಗೆ ಸಿಕ್ಕಿದ. ಕರಬಸಪ್ಪ ಏಣಿ ಹತ್ತಿ, ಗೋಣಿತಟ್ಟು ಸರಿಸಿ, ಸಂದಿನಲ್ಲಿ ತಲೆ ತೂರಿಸಿದ. ತಲೆ ಹೋಯಿತು, ಭುಜ ಹೋಯಿತು, ಹೊಟ್ಟೆ ನಿಂತಿತು. ಆಚೆಗೂ ಇಲ್ಲ, ಈಚೆಗೂ ಇಲ್ಲ. ಒಳಗಿಂದ, “ಅದಾವು! ಅದಾವು! ಎಳೀರಿ, ಎಳೀರಿ!” ಎಂದು ಕೂಗಿದ. ಏನನ್ನು ಎಳೆಯಬೇಕೆಂದು ತಿಳಿಯದೆ ಜನ ಅವನ ಕಾಲನ್ನೇ ಎಳೆದರು. ಎರಡೂ ಕೈಯಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿದ ಒಂದೊಂದು ಎಲೆಯ ಕಟ್ಟು ಹಿಡಿದುಕೊಂಡು, ಅಂಗಿಯ ಗುಂಡಿಗಳನ್ನು ಅಲ್ಲೇ ಬಿಟ್ಟು, ಕರಬಸಪ್ಪ ಹೊರಬಂದ. ಒಳಗೆ ಇಂಥವು ಇನ್ನೂ ಮೂವತ್ತು ಕಟ್ಟು.

“ಏನಲೇ ಇದು ಲಕ್ಕ್ಯಾ?”

ಲಕ್ಕಪ್ಪ ಕಾಲಿಗೆ ಬಿದ್ದ. “ಸವಣೂರಾಗ ಹೇರಕೊಂಡು, ಹಿರೇಕೆರೂರ ಮುಟ್ಟೂತನ ಊರೂರಿಗೆ ಕೊಟಗೋತ ಹೋಗ್ತೇನ್ರಿ. ಜ್ವಾಳಾ ಕೊಡ್ತಾರ, ಮೆಣಸಿನಕಾಯಿ ಕೊಡ್ತಾರ. ಎಲಿ ಬಾಡಬಾರದಂತ ದಿನಾ ಎರಡು ಸಲ ನೀರು ಹೊಡೀಬೇಕ್ರಿ. ಇಲ್ಲಂದ್ರ ಜನಾ ಬಯ್ತಾರ್ರಿ.”

“ಊರೂರಿಗೆ? ನನ್ನ ಭಾಷಣಕ್ಕ ಬರೂ ಜನಕ್ಕ?”

“ಹೂನ್ರಿ. ಅವರಽ.”

ಕರಬಸಪ್ಪನಿಗೆ ಗಾಡಿ ತಿರುಗಿಸಿದಾಗ ಆಗದ ಪೆಟ್ಟು ಈಗ ಆಯಿತು. ಊರೂರಲ್ಲಿ ಇನ್ನೂರು ಮುನ್ನೂರು ಜನ ಮುಗಿಬೀಳುವುದು ತನ್ನ ನಾಲಿಗೆಯ ಪ್ರಭಾವವೆಂದು ಅವನು ಎರಡು ವರ್ಷ ನಂಬಿದ್ದ. “ಅಂದ್ರ ನನ್ನ ಭಾಷಣ ಕೇಳಾಕ ಯಾರೂ ಬರೂದಿಲ್ಲ?”

“ಹಂಗೇನಿಲ್ರಿ,” ಎಂದು ಲಕ್ಕಪ್ಪ ಸಮಾಧಾನ ಮಾಡಿದ. “ಎಲಿ ಹಾಕ್ಕೊಂಡು ಅಗಕೋತ ಕುಂದರಾಕ ಎದುರಿಗೆ ಏನರ ಒಂದು ನಡದಿರಬೇಕಲ್ರಿ.”

ದುಃಖಪಡಲು ವೇಳೆಯಿರಲಿಲ್ಲ. ಗಂಟೆ ಎರಡು ಹೊಡೆಯುತ್ತಿತ್ತು. ಎಲೆ ಗಾಡಿಯ ಹತ್ತಿರ ಸುಳಿಯಲೂ ಬಾರದು ಎಂದು ಕರಬಸಪ್ಪ ಹೇಳಿದ್ದೇ ತಡ, ಹೊನ್ನವ್ವ ಊರಿನ ಕಡೆ ತಿರುಗಿ ಒಂದು ಕೂಗು ಹಾಕಿದಳು. ಕಾಲು ಗಂಟೆಯಲ್ಲಿ ಮೂವತ್ತೆರಡು ಕಟ್ಟು ಎಲೆ ಮಂಗಮಾಯ. ಸಂದನ್ನು ಬಟ್ಟೆಯಿಂದ ಒರೆಸಿದರು. ನೆಲದ ಸೀಮೆಸುಣ್ಣ ತಿಕ್ಕಿದರು. ಬಂದೇಸಾಬ ಕೊನೆಯ ಮೊಳೆಗೆ ಬೆಸುಗೆ ಹಾಕಿ, “ಇನ್ನ ಇದರಾಗ ಗಾಳೀನೂ ಹೊಗೂದಿಲ್ಲ,” ಎಂದು ಇಳಿದ. ಗಾಡಿ ಬಿಸಿಲಿಗೆ ಹಾಕಿದ ಹಪ್ಪಳದಷ್ಟು ಒಣಗಿತು. ಕರಬಸಪ್ಪ ಹೊಸ ಚಾದರ ಹಾಸಿ, ಬೆಳಗಿನಿಂದ ಮೊದಲ ಸಲ ನೆಮ್ಮದಿಯ ಉಸಿರು ಬಿಟ್ಟ.

ಮೂರಕ್ಕೆ ಸರಿಯಾಗಿ ಟಾಂಗಾ ಬಂತು. ಸಾಹೇಬರು ಬೆಳಗಾವಿಯ ತಂಪಿನಲ್ಲಿ ಬೆಳೆದವರು. ದೇಹ ಭಾರಿ, ಮುಖ ಕೆಂಪಗೆ, ತಲೆಯ ಮೇಲೆ ಒದ್ದೆ ಟವೆಲು, ಕುತ್ತಿಗೆಯ ತುಂಬ ಬೆವರುಸಾಲೆ. ನಮಸ್ಕಾರಕ್ಕೂ ನಿಲ್ಲದೆ, ಕೋಟು ಬಿಚ್ಚುತ್ತಲೇ ಗಾಡಿ ಹತ್ತಿ, “ಹಾಸಿಗೆ ಅದಽ ಜಾಗದಾಗ ಐತಲ್ಲ?” ಎಂದರು.

“ಅದಽ ಜಾಗದಾಗ ಐತ್ರಿ!” ಎಂದು ಕರಬಸಪ್ಪ ಎದೆಯುಬ್ಬಿಸಿದ.

ಬಾಗಿಲು ಮುಚ್ಚಿತು. ಹೊರಗೆ ಊರೇ ಉಸಿರು ಬಿಗಿಹಿಡಿದು ನಿಂತಿತು. ಉಸಿರು ಹಿಡಿದರೂ ಎಲ್ಲರ ದವಡೆ ಮಾತ್ರ ಆಡುತ್ತಿತ್ತು. ಐದು ನಿಮಿಷ. ಹತ್ತು ನಿಮಿಷ. ಒಳಗಿನಿಂದ ಮಗ್ಗಲು ಬದಲಿಸಿದ ಸದ್ದು, ಮಂಚ ನರಳಿದ ಸದ್ದು. ಕಾಲು ಗಂಟೆಗೆ ಬಾಗಿಲು ದಡಾರನೆ ತೆರೆಯಿತು. ಕುದಿಸಿದ ಗೆಣಸಿನ ಹಾಗೆ ಆವಿಯಾಡುತ್ತ ಸಾಹೇಬರು ನಿಂತಿದ್ದರು.

“ಕರಬಸಪ್ಪಾ! ಹನಿ ಎಲ್ಲಿ?”

“ಇಲ್ರಿ ಸಾಹೇಬ್ರ! ಒಂದು ಹನೀನೂ ಇಲ್ರಿ. ನಿಲ್ಲಿಸಿಬಿಟ್ಟೇನ್ರಿ!”

“ಯಾರು ನಿಲ್ಲಸಂದ್ರು?”

ಸಾಹೇಬರು ಕರಬಸಪ್ಪನ ವರದಿಯನ್ನು ಬಾಯಿಪಾಠ ಒಪ್ಪಿಸಿದರು:

“‘ಕಡು ಬೇಸಿಗೆಯಲ್ಲಿಯೂ ಮಲಗಿದವರ ಹಣೆಯ ಮೇಲೆ ತಣ್ಣನೆಯ ಹನಿಗಳು ತಾವಾಗಿಯೇ ಬೀಳುತ್ತವೆ.’ ಹಿಂಗ ಬರದವರು ನೀವೋ, ಅಲ್ಲೋ?”

“ನಾನಽ ಬರದದ್ದರಿ. ಅದು ತಕರಾರ್ರಿ.”

“ಅದು ತಕರಾರೇನ್ರಿ? ಮೂರು ವಾರ ಆತು, ದಿನಾ ಅದನ್ನ ಓದಿ ಮಲಗಾಕತ್ತೇನಿ! ಅದನ್ನ ಓದಿದ್ರ ಬೆವರುಸಾಲಿ ಉರಿ ಕಡಿಮಿ ಆಗತೈತಿ. ಮಳಿಗಾಲದ ತನಕ ಈ ಗಾಡ್ಯಾಗಽ ಕ್ಯಾಂಪ್ ಮಾಡಬೇಕು, ಇಂಥಾ ಗಾಡಿ ಜ್ವಾಪಾನ ಮಾಡಿದ ಮನಿಷ್ಯಾನ್ನ ಇದಕ್ಕಽ ಖಾಯಂ ಮಾಡಬೇಕು ಅಂತ ಹುಕುಂ ಬರಕೊಂಡು ಬಂದಿದ್ದೆ.” ಸಾಹೇಬರು ಕಿಸೆಯಿಂದ ಕಾಗದ ತೆಗೆದು ತೋರಿಸಿದರು. ಕೆಳಗೆ ಸಹಿಯೂ ಆಗಿತ್ತು. “ಇಲ್ಲಿ ಬಂದು ನೋಡಿದ್ರ ಇದು ರೊಟ್ಟಿ ಸುಡೂ ಹಂಚು!”

‘ಖಾಯಂ’ ಎಂಬ ಅಕ್ಷರಗಳು ಕರಬಸಪ್ಪನ ಕಣ್ಣ ಮುಂದೆ ಗಾಳಿಗೆ ಪಟಪಟ ಎಂದವು.

“ಐದು ನಿಮಿಷ ಕೊಡ್ರಿ ಸಾಹೇಬ್ರ! ಲಕ್ಕಪ್ಪಾ, ಎಲಿ!”

“ಎಲ್ಲಿ ಎಲೀರಿ?” ಲಕ್ಕಪ್ಪ ಜನರ ಕಡೆ ಕೈ ತೋರಿಸಿದ. ಮುನ್ನೂರು ಬಾಯಿ ಕೆಂಪಗಾಗಿದ್ದವು. ಹೊನ್ನವ್ವನ ಎರಡೂ ಗಲ್ಲ ಉಬ್ಬಿ, ಅವಳ ಆಯುಷ್ಯದಲ್ಲಿ ಮೊದಲ ಸಲ ಮಾತು ಹೊರಡುತ್ತಿರಲಿಲ್ಲ. “ತ್ವಾಟದಾಗ ಇನ್ನ ಎಂಟು ದಿನಾ ಕೊಯ್ಲಿಲ್ರಿ,” ಎಂದ ಲಕ್ಕಪ್ಪ.

“ಹಂಗಾದ್ರ ನೀರು! ಮ್ಯಾಲೆ ನೀರು ಸುರುವ್ರಿ!”

“ಎಷ್ಟರ ಸುರುವ್ರಿ,” ಎಂದ ಬಂದೇಸಾಬ ಮೀಸೆ ತಿರುವುತ್ತ. “ನನ್ನ ಬೆಸಿಗಿ. ಹನಿ ಬಿದ್ರ ಇವತ್ತಿಗೆ ಕಸಬು ಬಿಡ್ತೇನಿ.”

“ಒಂದಽ ಒಂದು ತೂತು ಹೊಡ್ಯೋ ಬಂದೇಸಾಬ, ನಿನ್ನ ಕಾಲಿಗೆ ಬೀಳ್ತೇನಿ!”

“ನಿಲ್ರಿ!” ಸಾಹೇಬರು ಗರ್ಜಿಸಿದರು. “ತಾನಾಗಿ ಸೋರೂದು ಬ್ಯಾರೆ, ನಾವಾಗಿ ಸೋರಸೂದು ಬ್ಯಾರೆ. ತಾನಾಗಿ ಸೋರಿದ್ರ ಅದು ದೈವ. ನಾವು ತೂತು ಹೊಡದ್ರ ಸರ್ಕಾರಿ ಆಸ್ತಿ ನುಕ್ಸಾನ. ಆ ಪಾಪ ನನಗ ಬ್ಯಾಡ.”

ಅವರು ಹುಕುಮನ್ನು ನಾಲ್ಕು ತುಂಡು ಮಾಡಿ, ಟಾಂಗಾದ ಮೇಲೆ ಕೂತು ಅಲ್ಲೇ ಇನ್ನೊಂದು ಬರೆದರು. ಗಾಡಿ ಮನುಷ್ಯರ ವಾಸಕ್ಕೆ ಯೋಗ್ಯವಲ್ಲ. ಅದನ್ನು ಹರಾಜಿಗೆ ಹಾಕತಕ್ಕದ್ದು. ಕರಬಸಪ್ಪನು ನಾಳೆಯಿಂದ ಅಕ್ಕಿಆಲೂರಿನ ಕಚೇರಿಗೆ ಹಾಜರಾಗತಕ್ಕದ್ದು.

ಶಿದ್ಲಿಂಗಪ್ಪ ಭುಜದ ಮೇಲಿಂದ ಇಣುಕಿ ಓದಿ, ಅರ್ಥ ಹೇಳುವ ಮೊದಲೇ ಕರಬಸಪ್ಪನನ್ನು ಅಪ್ಪಿಕೊಂಡ. “ಸ್ವಂತ ಊರು! ಏನು ಪುಣ್ಯ ಮಾಡೀರ್ರಿ ಮಾಸ್ತರ್ರ! ನಮ್ಮ ಅಳಿಯ ಊರಿಗೆ ವರ್ಗ ಬೇಕಂತ ಏಳು ವರ್ಷ ಆತು, ಅರ್ಜಿ ಬರದು ಬರದು ಬೆರಳ ಸೊಟ್ಟಾದ್ವು. ನಿಮಗ ಒಂದಽ ದಿನದಾಗ ಆತು!”

ಕರಬಸಪ್ಪ ಅವನ ತೋಳಿನಿಂದ ಬಿಡಿಸಿಕೊಂಡು ಟಾಂಗಾದ ಹತ್ತಿರ ಹೋದ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಕೈ ಜೋಡಿಸಿ, ಸಣ್ಣ ದನಿಯಲ್ಲಿ ಕೇಳಿದ:

“ಸಾಹೇಬ್ರ, ಅಕ್ಕಿಆಲೂರ ಕಚೇರಿ ಮಾಳಿಗಿ ಸೋರತೈತೇನ್ರಿ?”

“ಯಾಕ?”

“ಸೋರತಿದ್ರ ರಾತ್ರಿ ಹೊತ್ತು ಯಾರರ ಅಲ್ಲೇ ಮಲಗಿ ಕಾಗದಪತ್ರ ಕಾಯಬೇಕಾಗತೈತಲ್ರಿ. ನಾ ತಯಾರದೇನ್ರಿ. ದಿನಾ ಬೇಕಾದ್ರೂ.”

ಸಾಹೇಬರ ಮುಖ ಬಂದಾಗಿನಿಂದ ಮೊದಲ ಸಲ ಸಡಿಲಾಯಿತು. ಎಷ್ಟೆಂದರೂ ನಿಷ್ಠೆಯ ಮನುಷ್ಯ ಅನ್ನಿಸಿರಬೇಕು. ಅವನ ಭುಜ ತಟ್ಟಿದರು.

“ಏನೂ ಕಾಳಜಿ ಮಾಡಬ್ಯಾಡ್ರಿ. ಹೋದ ವರ್ಷನಽ ಹೊಸಾ ಹಂಚು ಹೊದಿಸೇವಿ. ಐದಕ್ಕ ಬಾಗಲಾ ಹಾಕಿ ಕೀಲಿ ಜಡೀತಾರ. ಐದೂ ಐದಕ್ಕ ನೀವು ಆರಾಮ ಮನ್ಯಾಗ ಇರ್ತೀರಿ.”